ಆಫ್ರಿಕಾದಲ್ಲಿ ಹೆಣ್ಣುಮಕ್ಕಳು ಸಂಪ್ರದಾಯದ ತಡೆಗಳನ್ನು ದಾಟಿದ್ದು ಹೇಗೆ?

ಆಫ್ರಿಕಾ ಐವತ್ತಕ್ಕೂ ಜಾಸ್ತಿ ದೇಶಗಳ ಖಂಡ. ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಕೊಡೋದು ಕಷ್ಟ. ಹಾಗಾಗಿ ಕೀನ್ಯಾದ ವಂಗಾರಿ ಮಾಥಾಯ್ ಅವರ ಕಥೆಯನ್ನಷ್ಟೇ ಹೇಳುತ್ತೇನೆ.

1971ರಲ್ಲಿ ಅವರು ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಪಿಎಚ್‌ಡಿ ಪಡೆದರು. ಪೂರ್ವ ಆಫ್ರಿಕಾದಲ್ಲಿ ಆ ಮಟ್ಟ ಮುಟ್ಟಿದ ಮೊದಲ ಹೆಣ್ಣು. ಆದರೆ ಮನೆಯಲ್ಲಿ ಅದೇ ಓದು ಮುಳ್ಳಾಯಿತು. ವಿಚ್ಛೇದನವಾದ ಮೇಲೆ ಗಂಡ ತನ್ನ ಹೆಸರು ಬಿಡು ಎಂದ. ಇವರು ಬಿಡಲಿಲ್ಲ, ಅದಕ್ಕೆ ಇಂಗ್ಲಿಷ್‌ನ ಇನ್ನೊಂದು 'ಎ' ಅಕ್ಷರ ಸೇರಿಸಿಕೊಂಡರು (Mathai ಹೋಗಿ Maathai ಆಯಿತು)! ನನಗೆ ತುಂಬಾ ಇಷ್ಟವಾದ ಉತ್ತರ ಅದು.

1977ರಲ್ಲಿ ವಂಗಾರಿ ಹಳ್ಳಿ ಹೆಂಗಸರ ಜೊತೆ ಗಿಡ ನೆಡುವ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದರು. ಗಿಡ ಬೆಳೆಸಲು ಡಿಪ್ಲೊಮಾ ಬೇಕು ಎಂದು ಅರಣ್ಯ ಇಲಾಖೆಯವರ ತಕರಾರು. ಹೊಲದಲ್ಲೇ ಬೆಳೆದ ಹೆಂಗಸರಿಗೆ ಅದ್ಯಾಕೆ, ಅಲ್ವಾ? ಅವರೇ ಸಸಿ ಮಾಡಿದರು. ಬದುಕಿದ ಪ್ರತಿ ಗಿಡಕ್ಕೂ ಪುಡಿಗಾಸು ಸಿಗುತ್ತಿತ್ತು. ಕಡಿಮೆಯೇ, ಆದರೆ ತಮ್ಮದೇ ದುಡ್ಡು.

1989ರಲ್ಲಿ ಸರ್ಕಾರ ನೈರೋಬಿಯ ಸಾರ್ವಜನಿಕ ಉದ್ಯಾನ ಉಹುರು ಪಾರ್ಕ್‌ನಲ್ಲಿ 60 ಮಹಡಿ ಕಟ್ಟಡಕ್ಕೆ ಹೊರಟಾಗ ವಂಗಾರಿ ವಿರೋಧಿಸಿದರು. ಆಫ್ರಿಕಾದ ಹೆಣ್ಣು ಗಂಡಸರಿಗೆ ಮರ್ಯಾದೆ ಕೊಟ್ಟು ಸುಮ್ನಿರಬೇಕು ಎಂಬರ್ಥದ ಮಾತು ಆಗಿನ ಕೀನ್ಯಾ ಅಧ್ಯಕ್ಷ ಮೊಯ್ ಅವರಿಂದಲೇ ಬಂತು. ಕೊನೆಗೆ ಕಟ್ಟಡ ಏಳಲಿಲ್ಲ, ಪಾರ್ಕ್ ಉಳಿಯಿತು.

2004ರಲ್ಲಿ ವಂಗಾರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಆಫ್ರಿಕನ್ ಮಹಿಳೆ ಅವರು.