ಉಸಿರಿನ ಬದಲು ಅಂಗೈ: ಬರಹ ನಿಂತುಹೋಗಿದ್ದ ಒಬ್ಬರ ಪ್ರಕರಣ

ಮಲೆನಾಡಿನ ಪಟ್ಟಣವೊಂದರಿಂದ ಬೆಂಗಳೂರಿಗೆ ವರ್ಗವಾಗಿ ಬಂದಿದ್ದ 47 ವರ್ಷದ ಬ್ಯಾಂಕ್ ಅಧಿಕಾರಿಯೊಬ್ಬರು ಕಳೆದ ವರ್ಷ ಸಲಹೆಗಾರ್ತಿಯಾದ ನನ್ನನ್ನು ಭೇಟಿಯಾದರು. ಅವರನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಕಾಲೇಜಿನ ದಿನಗಳಿಂದ ಕಥೆ ಬರೆಯುತ್ತಿದ್ದ, ದೀಪಾವಳಿ ವಿಶೇಷಾಂಕಗಳಲ್ಲಿ ಎರಡು ಕಥೆ ಅಚ್ಚಾಗಿದ್ದ ಅವರಿಗೆ ತಾಯಿ ತೀರಿಕೊಂಡ ಮೇಲಿನ ಹದಿನೆಂಟು ತಿಂಗಳಲ್ಲಿ ಒಂದು ಪುಟವನ್ನೂ ಮುಗಿಸಲಾಗಿರಲಿಲ್ಲ. ನಿದ್ರೆ, ಊಟ, ಕಚೇರಿಯ ಕೆಲಸಗಳಿಗೆ ಅಡ್ಡಿಯಿರಲಿಲ್ಲ. ಖಿನ್ನತೆಯ ಲಕ್ಷಣಗಳನ್ನು ಕೇಳಿ ತಿಳಿದುಕೊಂಡೆ, ಮನೋವೈದ್ಯರ ಬಳಿಗೆ ಕಳುಹಿಸಬೇಕಾದ ಸ್ಥಿತಿ ಕಾಣಲಿಲ್ಲ. ಅವರ ಅಳಲು ಒಂದೇ ಆಗಿತ್ತು: "ಅಮ್ಮನ ಬಗ್ಗೆ ಬರೆಯೋಕೆ ಕೂತ್ರೆ ಪೇಪರಿನ ಶ್ರದ್ಧಾಂಜಲಿ ಥರ ಬರುತ್ತೆ ಮೇಡಂ. ಧ್ಯಾನ ಮಾಡಿದ್ರೆ ಮನಸ್ಸಿನಿಂದ ಬರೆಯೋಕಾಗುತ್ತಾ?"

ಅವರು ತಂದಿದ್ದ ಮೂರು ಕರಡುಗಳನ್ನು ಓದಿದೆ. ತ್ಯಾಗಮಯಿ, ಸಹನಾಮೂರ್ತಿ, ವಾತ್ಸಲ್ಯದ ಕಡಲು ಎಂಬ ಮಾತುಗಳೆಲ್ಲ ಅಲ್ಲಿದ್ದವು. ಆದರೆ ಆ ತಾಯಿ ಯಾವ ಬಣ್ಣದ ಸೀರೆ ಉಡುತ್ತಿದ್ದರು, ಸಿಟ್ಟು ಬಂದಾಗ ಏನನ್ನುತ್ತಿದ್ದರು ಎಂಬುದು ಎಲ್ಲಿಯೂ ಇರಲಿಲ್ಲ. ಹೊಗಳಿಕೆಯ ಮಾತುಗಳು ಅಲಂಕಾರಕ್ಕಾಗಿ ಬಂದವಲ್ಲ, ನೆನಪು ಹತ್ತಿರ ಬರದಂತೆ ಅವರು ಹಾಕಿಕೊಂಡ ಬೇಲಿ ಎಂದು ನನಗನ್ನಿಸಿತು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ನಾನು ಸಾಮಾನ್ಯವಾಗಿ ಮೊದಲು ಕಲಿಸುವ ಉಸಿರಿನ ಧ್ಯಾನವನ್ನೇ ಅವರಿಗೂ ಹೇಳಿಕೊಟ್ಟು, ದಿನಕ್ಕೆ ಹತ್ತು ನಿಮಿಷ ಕೂತು ಆಮೇಲೆ ಬರೆಯಲು ಹೇಳಿ ಕಳುಹಿಸಿದೆ. ಉಸಿರಾಟವನ್ನೇ ಗಮನಿಸುವ ಬೌದ್ಧರ ಆನಾಪಾನಸತಿ ಧ್ಯಾನದಿಂದ ಹಿಡಿದು 1979ರಲ್ಲಿ ಜಾನ್ ಕಬಾಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಧ್ಯಾನ ತರಬೇತಿಯವರೆಗೆ ಉಸಿರಿಗೆ ಎಲ್ಲೆಡೆ ಮುಖ್ಯ ಸ್ಥಾನವಿರುವುದರಿಂದ, ಅದು ಯಾರನ್ನೂ ನೋಯಿಸದ ವಿಷಯವೆಂದು ನಾವು ಸಲಹೆಗಾರರು ಸಲೀಸಾಗಿ ನಂಬಿಬಿಡುತ್ತೇವೆ. ಮುಂದಿನ ವಾರ ಸುಮಾ ಬಂದು, ಕಣ್ಣು ಮುಚ್ಚಿ ಉಸಿರನ್ನು ಗಮನಿಸಿದ ಕೂಡಲೇ ಎದೆ ಬಿಗಿದು ಎದ್ದುಬಿಡುತ್ತೇನೆ ಎಂದರು. ತಾಯಿ ತೀರಿಕೊಂಡದ್ದು ಯಾವ ಕಾಯಿಲೆಯಿಂದ ಎಂದು ನಾನು ಕೇಳಿದ್ದು ಆಗ, ಮೊದಲ ದಿನವೇ ಕೇಳಬೇಕಾಗಿತ್ತು. ದಶಕಗಳ ಕಾಲ ಸೌದೆ ಒಲೆಯ ಹೊಗೆ ಕುಡಿದವರಲ್ಲಿ ಕಾಣಿಸಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅದು. ಕೊನೆಯ ಎರಡು ವರ್ಷ ಮಗಳು ರಾತ್ರಿಯೆಲ್ಲ ಎಚ್ಚರವಿದ್ದು ಎಣಿಸಿದ್ದು ತಾಯಿಯ ಉಸಿರನ್ನೇ.

ಆದ್ದರಿಂದ ಉಸಿರನ್ನು ಬಿಟ್ಟೆವು. ಕಣ್ಣು ತೆರೆದೇ ಕೂತು, ಅಂಗೈಗಳನ್ನು ತೊಡೆಯ ಮೇಲಿಟ್ಟು, ಅವುಗಳ ಬಿಸಿ, ಭಾರ, ಬಟ್ಟೆಯ ಒರಟುತನವನ್ನು ಐದು ನಿಮಿಷ ಗಮನಿಸುವುದು. ಆಮೇಲೆ ಎರಡು ನಿಮಿಷ, ಹೊರಗಿನ ಯಾವ ಸದ್ದು ಬಂದರೂ ಅದನ್ನು ಹುಡುಕದೆ, ತಳ್ಳದೆ ಬರಗೊಡುವುದು. ನೆನಪು ಬಂದರೆ ಅದನ್ನೂ ಸದ್ದಿನಂತೆಯೇ ಕಾಣುವುದು, ಎದೆ ಬಿಗಿದರೆ ಮತ್ತೆ ಅಂಗೈಗೆ ಮರಳುವುದು, ಅದೂ ಆಗದಿದ್ದರೆ ಸಂಕೋಚವಿಲ್ಲದೆ ಎದ್ದುಬಿಡುವುದು. ಯಾವ ಧ್ಯಾನ ಬರವಣಿಗೆಗೆ ಒಳ್ಳೆಯದು ಎಂದು ಅವರು ಮತ್ತೆ ಕೇಳಿದಾಗ, ನೆದರ್ಲೆಂಡ್ಸ್‌ನ ಲೈಡನ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಸಣ್ಣದೊಂದು ಅಧ್ಯಯನದ ಬಗ್ಗೆ ಹೇಳಿದೆ. ಒಂದೇ ವಸ್ತುವಿನ ಮೇಲೆ ಗಮನ ಕಟ್ಟುವ ಧ್ಯಾನಕ್ಕಿಂತ, ಬಂದದ್ದನ್ನೆಲ್ಲ ಬರಗೊಡುವ ಧ್ಯಾನದ ನಂತರ ಹೊಸ ಹೊಸ ಆಲೋಚನೆಗಳು ಹೆಚ್ಚು ಹೊಳೆದವೆಂದು ಅದರಲ್ಲಿತ್ತು. ಆದರೆ ಅವರು ಪರೀಕ್ಷಿಸಿದ್ದು ದಿನಬಳಕೆಯ ವಸ್ತುವಿಗೆ ಬೇರೆ ಬೇರೆ ಉಪಯೋಗ ಹುಡುಕುವಂಥ ಚಟುವಟಿಕೆಗಳನ್ನು. ಅಲ್ಲಿಂದ ಕಥೆಯವರೆಗೆ ದಾರಿ ಬಹಳ ದೂರವಿದೆ ಎಂಬುದನ್ನೂ ಸೇರಿಸಿಯೇ ಹೇಳಿದೆ.

ಬರವಣಿಗೆಗೆ ಸಂಬಂಧಿಸಿ ನಾನು ಕೊಟ್ಟ ಸಲಹೆ ಹೀಗಿತ್ತು. ಕೂತೆದ್ದ ಕೂಡಲೇ, ಮೊಬೈಲ್ ಮುಟ್ಟದೆ, ಹದಿನೈದು ನಿಮಿಷ ಕೈಯಲ್ಲೇ ಬರೆಯಬೇಕು. ಆ ಹದಿನೈದು ನಿಮಿಷದಲ್ಲಿ ತಾಯಿಯ ಗುಣವನ್ನು ಹೇಳುವ ಒಂದು ಪದವನ್ನೂ ಬಳಸಕೂಡದು. ಕಂಡದ್ದು, ಕೇಳಿದ್ದು, ಮುಟ್ಟಿದ್ದು, ಮೂಗಿಗೆ ಬಡಿದದ್ದು ಮಾತ್ರ. ಬರೆದದ್ದನ್ನು ನಾಲ್ಕು ದಿನ ಓದಕೂಡದು, ಯಾರಿಗೂ ಕಳುಹಿಸಕೂಡದು. ಮನೆಯವರ ವಾಟ್ಸ್‌ಆ್ಯಪ್ ಗುಂಪಿಗಂತೂ ಬೇಡವೇ ಬೇಡ ಎಂದಾಗ ಅವರು ಮೊದಲ ಬಾರಿ ನಕ್ಕರು. ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ದಿನ ಹದಿನೈದು ನಿಮಿಷದಂತೆ ತಮ್ಮ ನೋವನ್ನು ಬರೆದ ವಿದ್ಯಾರ್ಥಿಗಳಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾದದ್ದು ಆಮೇಲಿನ ಮಾತು. ಹಾಗಾಗಿ ರಾತ್ರಿ ಮಲಗುವ ಮುಂಚೆ ಬರೆಯುವುದು ಬೇಡ, ಭಾನುವಾರ ಬೆಳಗ್ಗೆ ಮನೆಯಲ್ಲಿ ಯಾರಾದರೂ ಇರುವಾಗ ಶುರುಮಾಡಿ ಎಂದೆ.

ಮೊದಲ ಎರಡು ವಾರ ಬಂದದ್ದು ಕಾರ್ಪೊರೇಷನ್ ಕಸದ ಗಾಡಿಯ ಹಾಡು, ಪಕ್ಕದ ಮನೆಯ ಕುಕ್ಕರ್ ಸೀಟಿ. ಧ್ಯಾನದಿಂದ ಏನೂ ಆಗುತ್ತಿಲ್ಲ ಎಂದು ಅವರು ಬೇಸರಪಟ್ಟರು. ಮೂರನೆಯ ವಾರ, ಅಂಗೈಯನ್ನೇ ಗಮನಿಸುತ್ತಿದ್ದಾಗ, ಅವರಿಗೆ ಊದುಗೊಳವೆ ನೆನಪಾಯಿತು. ಒಂದು ತುದಿ ತಾಯಿಯ ಬಾಯಿಯಿಂದ ನುಣುಪಾಗಿ, ಇನ್ನೊಂದು ತುದಿ ಕೆಂಡಕ್ಕೆ ಕರಕಲಾಗಿದ್ದ ಕಬ್ಬಿಣದ ಕೊಳವೆ. ಮಳೆಗಾಲದ ಹಸಿ ಸೌದೆಗೆ ನಲವತ್ತು ವರ್ಷ ಅದರಲ್ಲಿ ಊದಿದವರಿಗೆ ಕೊನೆಗೆ ದೀಪಾವಳಿಯ ಹಣತೆಯೊಂದನ್ನು ಊದಿ ಆರಿಸಲಾಗಲಿಲ್ಲ. ಆ ಪುಟದಲ್ಲಿ ಕಾಗುಣಿತದ ತಪ್ಪುಗಳಿದ್ದವು, ವಾಕ್ಯಗಳು ಅರ್ಧಕ್ಕೆ ನಿಂತಿದ್ದವು. ತಾಯಿಯ ಮೇಲಿನ ಸಿಟ್ಟೂ ಇತ್ತು, ಗ್ಯಾಸ್ ಒಲೆ ತಂದುಕೊಟ್ಟರೂ ಅಡುಗೆಗೆ ರುಚಿ ಬರುವುದಿಲ್ಲವೆಂದು ಅದನ್ನು ಮುಟ್ಟದ ಹಟದ ಮೇಲೆ. ಸಹನಾಮೂರ್ತಿಯ ಕುರಿತು ಇಂಥದ್ದನ್ನು ಬರೆಯಬಹುದೇ ಎಂದು ಸುಮಾ ಕೇಳಿದರು. ಬರೆದಾಗಿದೆಯಲ್ಲ ಎಂದೆ.

ತಿದ್ದುವ ಕೆಲಸದ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಧ್ಯಾನದ ಹೊತ್ತಿನಲ್ಲಿ ತಿದ್ದುವುದು ಬೇಡ, ತಿದ್ದುವ ಹೊತ್ತಿನಲ್ಲಿ ಕರುಣೆಯೂ ಬೇಡ ಎಂದಷ್ಟೇ ಹೇಳಿದೆ. ಆರನೆಯ ಭೇಟಿಗೆ ಬಂದಾಗ ಕಥೆ ಇನ್ನೂ ಮುಗಿದಿರಲಿಲ್ಲ. ಆ ವಾರ ಯಾರೂ ಹೇಳದೆಯೇ ಉಸಿರಿನ ಧ್ಯಾನಕ್ಕೆ ಕೂತಿದ್ದರಂತೆ. "ಏಳರವರೆಗೆ ಎಣಿಸಿದೆ ಮೇಡಂ, ಎಂಟನೇದಕ್ಕೆ ಎದ್ದು ಹೋಗಿ ಕಾಫಿಗಿಟ್ಟೆ," ಎಂದು ಹೇಳಿ ಚೀಲದಿಂದ ನೋಟ್‌ಬುಕ್ ಹೊರತೆಗೆದರು.