ದಾವಣಗೆರೆಯಲ್ಲಿ ಕಪ್ಪು ಕಾರಿನ ಫೋಟೋ ತೆಗೆದರೆ ಬಾಡಿ ಮೇಲೆಲ್ಲ ಮರ, ಕರೆಂಟ್ ಕಂಬ ಕಾಣುತ್ತವೆ. ಎಡಿಟಿಂಗ್‌ನಲ್ಲಿ ತೆಗೆಯಬಹುದಾ?

ತೆಗೆಯಬಹುದು, ಆದರೆ ತಲೆನೋವಿನ ಕೆಲಸ. ಕಪ್ಪು ಬಣ್ಣ ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದೆಯೋ ಅದೇ ಬಾಗಿಲ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಜಾಗ ನೋಡಿ. ಕುಂದವಾಡ ಕೆರೆ ಕಡೆ ಮರ, ಕಂಬ ಇಲ್ಲದ ಬಯಲು ಸಿಕ್ಕರೆ ಸಾಕು. ಸೂರ್ಯ ಮುಳುಗಿದ ಮೇಲೆ 10-15 ನಿಮಿಷ ಆಕಾಶದ ಮೆತ್ತನೆ ಬೆಳಕಷ್ಟೇ ಇರುತ್ತದೆ, ಬಾನೆಟ್‌ನಿಂದ ಡಿಕ್ಕಿವರೆಗೆ ಗೆರೆಗಳು ಚೆನ್ನಾಗಿ ಕಾಣುತ್ತವೆ.

ಲೆನ್ಸ್‌ಗೆ ಪೋಲರೈಸರ್ ಫಿಲ್ಟರ್ (ತಿರುಗಿಸಿ ಪ್ರತಿಬಿಂಬ ಕಡಿಮೆ ಮಾಡುವ ಗಾಜು) ಹಾಕಿ. ಒಂದು ಸಮಸ್ಯೆ ಇದೆ: ಗಾಜಿನ ಮೇಲಿನ ಪ್ರತಿಬಿಂಬ ಹೋಗುವಂತೆ ತಿರುಗಿಸಿದರೆ ಬಾಗಿಲಿನದು ಉಳಿಯುತ್ತದೆ. ಟ್ರೈಪಾಡ್ ಕದಲಿಸದೆ ಫಿಲ್ಟರ್ ಮಾತ್ರ ತಿರುಗಿಸಿ ಎರಡು ಫೋಟೋ ತೆಗೆಯಿರಿ. ಆಮೇಲೆ ಫೋಟೋಶಾಪ್‌ನಲ್ಲಿ ಒಂದರ ಮೇಲೊಂದಿಟ್ಟು, ಲೇಯರ್ ಮಾಸ್ಕ್‌ನಿಂದ (ಮೇಲಿನ ಫೋಟೋದ ಬೇಡದ ಭಾಗ ಮರೆಮಾಡುವ ಸೌಲಭ್ಯ) ಎರಡರ ಒಳ್ಳೆಯ ಭಾಗ ಉಳಿಸಿಕೊಳ್ಳಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೋಟೋ) ಇದ್ದರೆ ಶ್ಯಾಡೋ ಎತ್ತುವುದು, ಅಂದರೆ ಕತ್ತಲ ಭಾಗ ಬೆಳಗಿಸುವುದು, ಸಲೀಸು. ಜಾಸ್ತಿ ಎತ್ತಬೇಡಿ, ಕಪ್ಪು ಕಾರು ಬೂದಿ ಬಣ್ಣಕ್ಕೆ ತಿರುಗುತ್ತದೆ.