ಬೋರೆಯನ್ನು ಗುಡ್ಡ ಮಾಡಿದ ತಪ್ಪಿಗೆ

ಮಳವಳ್ಳಿ ಕಡೆಯ ಓದುಗರೊಬ್ಬರ ಪತ್ರ: 'ಹೋದ ಸಂಚಿಕೆಯ ಹುರುಳಿ ಬೇಸಾಯದ ಲೇಖನದಲ್ಲಿ ನಾಲ್ಕು ಕಡೆ "ಗುಡ್ಡದ ಹೊಲ" ಅಂತ ಅಚ್ಚಾಗಿದೆ. ಬರೆದವರು ನಮ್ಮ ಪಕ್ಕದೂರಿನವರು. ಕೇಳಿದರೆ, ನಾನು ಬೋರೆ ಅಂತಲೇ ಬರೆದಿದ್ದೆ ಅಂದರು. ನಮ್ಮ ಸುತ್ತಮುತ್ತ ಗುಡ್ಡವೇ ಇಲ್ಲ ಸ್ವಾಮಿ. ಬೋರೆ ಏನು ಕನ್ನಡ ಅಲ್ಲವೇ? ಎಷ್ಟು ಎತ್ತರ ಇದ್ದರೆ ದಿಣ್ಣೆ, ಎಷ್ಟಾದರೆ ಬೆಟ್ಟ ಅಂತಲಾದರೂ ತಿಳಿಸಿ.'

ಮಾನ್ಯರೇ,

ತಪ್ಪು ನನ್ನದೇ. ಆ ಕರಡು ತಿದ್ದಿದವನು ನಾನು. ಬೀದರಿನ ಓದುಗರಿಗೆ ಬೋರೆ (ನಾಲೆ ನೀರು ಹತ್ತದ ಏರುಹೊಲ) ತಿಳಿಯುತ್ತದೋ ಇಲ್ಲವೋ ಅಂದುಕೊಂಡು, ಎಲ್ಲರಿಗೂ ಗೊತ್ತಿರುವ ಗುಡ್ಡವನ್ನು ತಂದು ಕೂರಿಸಿದೆ. 'ಬೋರೆ ಕಡೆ ಹೋಗಿ ದನ ಹೊಡ್ಕೊಂಡ್ ಬಾ ಮಗ' ಅಂತ ದಿನಾ ಸಂಜೆ ನನ್ನನ್ನು ಓಡಿಸುತ್ತಿದ್ದ ನಮ್ಮಜ್ಜಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು.

ಅದರಲ್ಲೂ ಮಂಡ್ಯದವರ ಮುಂದೆ ಗುಡ್ಡ ಅನ್ನುವುದು ಅಪಾಯ. ನಮ್ಮಲ್ಲಿ ಗುಡ್ಡೆ ಅಂದರೆ ಸಗಣಿ ಗುಡ್ಡೆ, ಮರಳು ಗುಡ್ಡೆ, ಹಬ್ಬದ ಮಾರನೆಯ ದಿನ ಸಮಪಾಲು ಹಾಕಿ ಹಂಚುವ ಗುಡ್ಡೆ ಬಾಡು. ಅದೇ ಗುಡ್ಡೆ ಮಂಗಳೂರಿಗೆ ಹೋದರೆ ಹತ್ತಿ ಇಳಿಯಬೇಕಾದ ನೆಲ.

ಎತ್ತರದ ಲೆಕ್ಕ ಕೇಳಿದ್ದೀರಿ. ಅಡಿಕೋಲು ಹಿಡಿದು ಹೊರಟರೆ ಈ ಮಾತುಗಳು ಕೈಗೆ ಸಿಕ್ಕುವುದಿಲ್ಲ. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್, ಅದೂ ಬೆಟ್ಟ. ಪಾಂಡವಪುರದ ಕುಂತಿಬೆಟ್ಟ ಅದರ ಮುಂದೆ ಮಗು, ಅದೂ ಬೆಟ್ಟ. ತಲಕಾಡಿನ ಹತ್ತಿರ ಕಾವೇರಿ ದಂಡೆಯಲ್ಲಿ ಮಲ್ಲಿಕಾರ್ಜುನನನ್ನು ಹೊತ್ತು ಕೂತ ಮುಡುಕುತೊರೆಯೂ ಬೆಟ್ಟವೇ. ಬಂಡೆ ಎದ್ದಿರಬೇಕು, ನೇಗಿಲು ಹೋಗಬಾರದು, ಮೇಲೊಬ್ಬ ದೇವರು ಇದ್ದರಂತೂ ಯಾರೂ ತಕರಾರು ತೆಗೆಯುವುದಿಲ್ಲ. ಘಟ್ಟ ಇಳಿದರೆ ಈ ಲಕ್ಷಣವೂ ಕೆಲಸಕ್ಕೆ ಬರುವುದಿಲ್ಲ. ದಕ್ಷಿಣ ಕನ್ನಡದವರು ಬೈಲು, ಮಜಲು, ಬೆಟ್ಟು ಅಂತ ಗದ್ದೆಗಳನ್ನು ಬೇರ್ಪಡಿಸುತ್ತಾರೆ. ಅಲ್ಲಿನ ಬೆಟ್ಟು ಮಳೆ ನಂಬಿದ ಮೇಲುಗದ್ದೆ. ಶಿರಸಿಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು.

ದಿಣ್ಣೆಗೆ ನನ್ನದೊಂದು ಅಳತೆ ಇದೆ: ಸೈಕಲ್ ಇಳಿದು ತಳ್ಳಬೇಕಾಗಿ ಬಂದರೆ ದಿಣ್ಣೆ. ನಿಘಂಟಿನವರು ಒಪ್ಪಲಿಕ್ಕಿಲ್ಲ.

ನಿಮ್ಮ ಬೋರೆಯ ಸಂಗತಿ ಬೇರೆ. ಅದನ್ನು ಗುರುತಿಸುವುದು ಕಣ್ಣಲ್ಲ, ನೀರು. ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್. ಅಣೆಕಟ್ಟಿನ) ಕೆಲಸ 1911ರಲ್ಲಿ ಶುರುವಾಯಿತು. ಆಮೇಲೆ ಬಂದ ಇರ್ವಿನ್ ನಾಲೆಗೆ ಈಗ ವಿಶ್ವೇಶ್ವರಯ್ಯ ನಾಲೆ ಅಂತ ಹೆಸರು. ನಾಲೆಯ ನೀರು ತನ್ನ ಇಳಿಜಾರಿನಲ್ಲೇ ಹರಿಯಬೇಕಲ್ಲ, ಹಾಗಾಗಿ ಏರುನೆಲ ಸಿಕ್ಕಲ್ಲೆಲ್ಲ ಪಕ್ಕಕ್ಕೆ ಸರಿದು ಸುತ್ತಿಕೊಂಡು ಹೋಗುತ್ತದೆ. ಸುತ್ತಲಾರದ ಕಡೆ, ಹುಲಿಕೆರೆಯಲ್ಲಿ, ಸುರಂಗವನ್ನೇ ಕೊರೆದರು. ನಾಲೆಯ ಕೆಳಗಡೆ ಭತ್ತ, ಕಬ್ಬು; ಮೇಲುಗಡೆ ರಾಗಿ, ಹುರುಳಿ, ಎಳ್ಳು. ಆ ಮೇಲುಗಡೆಯೇ ಬೋರೆ. ಎರಡಕ್ಕೂ ಒಂದಾಳು ಎತ್ತರದ ವ್ಯತ್ಯಾಸವೂ ಇರದಿರಬಹುದು. ಮೈಸೂರಿನಿಂದ ಬಂದವರ ಕಣ್ಣಿಗೆ ಎಲ್ಲವೂ ಒಂದೇ ಮಟ್ಟ. ಆದರೆ ಹೆಣ್ಣು ಕೊಡುವಾಗ 'ಜಮೀನು ಗದ್ದೆಯೋ ಬೋರೆಯೋ' ಅಂತ ಕೇಳುತ್ತಿದ್ದವರಿಗೆ ಆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತಿತ್ತು. (ಬೋರೇಗೌಡರ ಹೆಸರು ಇದರಿಂದ ಬಂದದ್ದಲ್ಲ; ಅದು ಬೋರೇದೇವರ ಕೊಡುಗೆ.)

ನೀರಿನಿಂದಲೇ ಹೆಸರು ಪಡೆದ ಇನ್ನೊಂದು ನಿಮ್ಮ ಜಿಲ್ಲೆಯಲ್ಲೇ ಇದೆ: ತಿಟ್ಟು. ಯಕ್ಷಗಾನದ ಬಡಗು, ತೆಂಕು ಕೇಳಿದವರಿಗೆ ತಿಟ್ಟು ಅಂದರೆ ಆಟದ ಶೈಲಿ. ನಮಗೆ ಎದ್ದ ನೆಲ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಲಾಗಿ ಅಣೆ ಕಟ್ಟಿದರು. ನೀರು ನಿಂತಿತು, ತಗ್ಗು ಮುಳುಗಿತು, ಮುಳುಗದೆ ಉಳಿದ ಚೂರುಗಳು ರಂಗನತಿಟ್ಟು ಆದವು. ನೆಲ ಒಂದು ಗೇಣೂ ಬೆಳೆದಿರಲಿಲ್ಲ. ಸುತ್ತಲಿನ ನೀರು ಏರಿತು, ಅಷ್ಟೇ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಕನ್ನಂಬಾಡಿಯಿಂದ ಜೋರಾಗಿ ನೀರು ಬಿಟ್ಟ ವರ್ಷ ದೋಣಿ ನಿಲ್ಲುತ್ತದೆ, ತಿಟ್ಟುಗಳೂ ಮುಳುಗುತ್ತವೆ. ಆಗ ಅವನ್ನು ಏನೆನ್ನಬೇಕೋ ನಿಮ್ಮಂಥವರೇ ಹೇಳಬೇಕು.

ಮರಡಿಯನ್ನೂ ಇಲ್ಲೇ ನೆನೆಯಬೇಕು, ಅಂದರೆ ಚಿಕ್ಕ ದಿಬ್ಬ. ನಮ್ಮ ಮಾತಿನಲ್ಲಿ ಅದು ಸವೆದುಹೋಗಿದೆ, ಊರ ಹೆಸರುಗಳಲ್ಲಿ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡುತ್ತಿದ್ದಾರೆ. ಮರಡಿ ಅನ್ನಲು ಇಲಾಖೆಯ ಫಲಕಕ್ಕೆ ಬಾರದ ಮುಜುಗರ ಬೋರೆ ಅನ್ನಲು ನನ್ನ ಕರಡಿಗೆ ಯಾಕೆ ಬಂತೋ.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ನಾಲ್ಕೂ ಕಡೆ ಬೋರೆ ಅಂತ ಓದಿಕೊಳ್ಳಿ. ಲೇಖಕರಿಗೆ ಬೇರೆಯಾಗಿ ಕ್ಷಮೆ ಕೇಳಿ ಬರೆದಿದ್ದೇನೆ. ಅವರಿಂದ ಒಂದು ಸೇರು ಹುರುಳಿ ಬಂದಿದೆ, ಸಂಪಾದಕೀಯ ವಿಭಾಗದಲ್ಲಿ ಗುಡ್ಡೆ ಹಾಕಿ ಹಂಚಿಕೊಂಡಿದ್ದೇವೆ.

ಸಂ.